ಹಾಳಾಗಬಾರದು ಅಂತ ನುಂಗಿದ ಮಾತ್ರೆ

ನಮ್ಮ ಅತ್ತೆಗೆ ಓದು ಬರಹ ಬರುವುದಿಲ್ಲ ಅಂತ ಇಲ್ಲಿಯ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ದಾಖಲಾಗಿದೆ. ಮೊದಲ ಸಲ ಹೋದಾಗ ಇಂಗ್ಲಿಷ್ ಓದುತ್ತಾರಾ ಅಂತ ಕೇಳಿದರು, ಇಲ್ಲ ಅಂದೆವು. ಅಲ್ಲಿಗೆ ಮುಗಿಯಿತು. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಮಾವ ತೀರಿಕೊಂಡ ಮೇಲೆ ತೆಂಗಿನ ತೋಟದ ಲೆಕ್ಕವನ್ನು ಒಂದು ಕಾಯಿ ಹೆಚ್ಚುಕಡಿಮೆ ಆಗದಂತೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹೆಂಗಸು ಅವರು. ಕೊಬ್ಬರಿ ವ್ಯಾಪಾರಿಗಳು ಅವರ ಮುಂದೆ ತೂಕದಲ್ಲಿ ಆಟ ಆಡೋಕೆ ಹೆದರುತ್ತಿದ್ದರು. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದ ಮೇಲೂ ಬೆಳಿಗ್ಗೆ ಎದ್ದು ಟ್ಯಾಬಿನಲ್ಲಿ ಕನ್ನಡ ಪತ್ರಿಕೆಯ ಎಲ್ಲ ಪುಟ, ಶ್ರದ್ಧಾಂಜಲಿ ಜಾಹೀರಾತೂ ಸೇರಿ, ಓದಿ ಮುಗಿಸಿದ ಮೇಲೇ ಕಾಫಿ.

ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷದಿಂದ ಇದೆ. ಊರಿನಲ್ಲಿ ಅದನ್ನು ಅವರು ನಿಭಾಯಿಸುತ್ತಿದ್ದ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಾತ್ರೆಯ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಖಾಲಿ ಸ್ಟ್ರಿಪ್ಪನ್ನು ಪರ್ಸಿನಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಸ್ಟೋರಿಗೆ ಹೋಗಿ ತೋರಿಸಿದರೆ ಸಾಕು. ಅಂಗಡಿಯ ಹುಡುಗ ಅದೇ ಸ್ಟ್ರಿಪ್ ಕೊಟ್ಟು, ಕಂದು ಕವರಿನ ಮೇಲೆ ಪೆನ್ನಿನಲ್ಲಿ 1-0-1 ಅಂತ ಬರೆಯುತ್ತಿದ್ದ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅಕ್ಷರ ಬಾರದವರಿಗೂ ಅರ್ಥವಾಗುವ ಬರಹ ಅದು. ಕಂಪನಿ ಬದಲಾದರೆ ಅವನೇ ಹೇಳುತ್ತಿದ್ದ: "ಅಜ್ಜಿ, ಬಣ್ಣ ಬೇರೆ, ಮಾತ್ರೆ ಅದೇ. ಹಳೇದು ಮಿಕ್ಕಿದ್ರೆ ಎರಡೂ ತಗೋಬೇಡಿ." ಡಾಕ್ಟರು ಇಂಗ್ಲಿಷಿನಲ್ಲಿ ಗೀಚಿದ್ದನ್ನು ಓದುವ ಕೆಲಸ ಅವನದು. ರಿಪೋರ್ಟಿನ ಅಂಕಿ ನೋಡಿ ಜಾಸ್ತಿಯೋ ಕಮ್ಮಿಯೋ ಹೇಳುವುದು ಲ್ಯಾಬಿನವನ ಕೆಲಸ. ಊರಿನಲ್ಲಿ ಜನಕ್ಕೆ ಆರೋಗ್ಯದ ತಿಳಿವಳಿಕೆ ಜಾಸ್ತಿ ಇದೆ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದ್ದನ್ನು ತುಂಬಿಕೊಡುವ ಮನುಷ್ಯರು ದಾರಿಯುದ್ದಕ್ಕೂ ನಿಂತಿರುತ್ತಾರೆ, ಅಷ್ಟೇ.

ಇಲ್ಲಿ ಅವರೆಲ್ಲರ ಕೆಲಸವನ್ನು ಕಾಗದಕ್ಕೆ ವಹಿಸಿದ್ದಾರೆ. ಫಾರ್ಮಸಿಯಿಂದ ಕಿತ್ತಳೆ ಬಣ್ಣದ ಡಬ್ಬಿ ಬರುತ್ತದೆ. ಒಳಗೆ ಬಿಡಿ ಮಾತ್ರೆ. ಮುಚ್ಚಳವನ್ನು ಒತ್ತಿ ತಿರುಗಿಸಬೇಕು, ಮಕ್ಕಳು ತೆಗೆಯಬಾರದು ಅಂತ ಹಾಗೆ ಮಾಡಿದ್ದಾರೆ. ಮಕ್ಕಳ ಕಥೆ ಗೊತ್ತಿಲ್ಲ, ಅತ್ತೆಯ ಬೆರಳಿಗಂತೂ ಅದು ಬಗ್ಗುತ್ತಿರಲಿಲ್ಲ. (ಕೇಳಿದರೆ ಸುಲಭದ ಮುಚ್ಚಳ ಕೊಡುತ್ತಾರೆ. ಕೇಳಬೇಕು ಅನ್ನೋದು ಗೊತ್ತಿದ್ದರೆ ತಾನೇ?) ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಜೊತೆಗೆ ಮಡಚಿದ ದೊಡ್ಡ ಹಾಳೆ. ಆ ಹಾಳೆಯನ್ನು ಇಂಗ್ಲಿಷ್ ಬಲ್ಲ ನಾವೂ ಓದುವುದಿಲ್ಲ ಅನ್ನುವುದು ಬೇರೆ ಮಾತು.

ಅತ್ತೆ ಬರುವಾಗ ಮೂರು ತಿಂಗಳಿಗಾಗುವಷ್ಟು ಮಾತ್ರೆ ತಂದಿದ್ದರು. ಅದು ಮುಗಿಯುವ ಹೊತ್ತಿಗೆ ಇನ್ಶೂರೆನ್ಸ್ ಆಯಿತು, ಡಾಕ್ಟರು ಸಿಕ್ಕರು, ಡಬ್ಬಿಗಳು ಬಂದವು. ಊರಿನ ಮಾತ್ರೆ ನಿಂತಿತು ಅಂತ ನಾವೆಲ್ಲ ಅಂದುಕೊಂಡೆವು. ನಿಂತೂ ಇತ್ತು. ಆದರೆ ದೀಪಾವಳಿ ಹೊತ್ತಿಗೆ ಊರಿಂದ ಬಂದ ನೆಂಟರ ಕೈಯಲ್ಲಿ ನಮ್ಮ ಭಾವ ಚಕ್ಕುಲಿ, ಮೆಣಸಿನಪುಡಿ ಜೊತೆ ಒಂದು ದೊಡ್ಡ ಕವರ್ ಕಳಿಸಿದ್ದರು. ಅದರ ತುಂಬ ಅದೇ ಊರಿನ ಮಾತ್ರೆಯ ಸ್ಟ್ರಿಪ್ಪುಗಳು. ಅಮ್ಮನಿಗೆ ಅಲ್ಲಿ ದುಬಾರಿ ಆಗುತ್ತೆ, ಇದು ಇರಲಿ ಅಂತ. ಕವರ್ ಅತ್ತೆಯ ಬೀರು ಸೇರಿತು. ನಾವು ಚಕ್ಕುಲಿ ತಿಂದೆವು.

ಆಮೇಲೆ ನಡೆದದ್ದು ಒಂದು ಒಳ್ಳೆಯ ಸುದ್ದಿಯಿಂದ ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, 6ರ ಹತ್ತಿರ ಬಂದಿತ್ತು. ಮೊದಲೆಲ್ಲ ಎಂಟರ ಮೇಲೇ ಇರುತ್ತಿದ್ದದ್ದು. ನನ್ನ ಗಂಡ ಊರಿಗೆ ಫೋನ್ ಮಾಡಿ ಹೇಳಿದರು. ಭಾವ "ನೋಡಿ, ಅಮೆರಿಕಾ ಟ್ರೀಟ್‌ಮೆಂಟು" ಅಂದರು. ಲೇಕ್ ಎಲಿಜಬೆತ್ ಸುತ್ತ ವಾಕಿಂಗ್ ಮಾಡುವ ಅತ್ತೆಯ ಗುಂಪಿನಲ್ಲೂ ಸುದ್ದಿಯಾಯಿತು. ಆ ಗುಂಪೇ ಒಂದು ಆಸ್ಪತ್ರೆ ಅನ್ನಬಹುದು. ಕಲಬುರಗಿಯವರು, ಮಂಗಳೂರಿನವರು, ಆಂಧ್ರದವರು, ಗುಜರಾತಿನವರು. ಮೊಣಕಾಲಿಗೆ ಯಾವ ಎಣ್ಣೆ, ಬಿಪಿಗೆ ಯಾವ ಕಾಳು ಎಲ್ಲ ಅಲ್ಲೇ ತೀರ್ಮಾನ. ಅವರಲ್ಲಿ ಮಕ್ಕಳನ್ನು ನೋಡಲು ಬಂದವರೇ ಜಾಸ್ತಿ. ಅವರ ಹತ್ತಿರ ಇರುವುದು ಪ್ರವಾಸಿಗಳ ಇನ್ಶೂರೆನ್ಸು. ಮೊದಲಿಂದ ಇರುವ ಕಾಯಿಲೆಗೆ ಅದರಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಕೆಲವು ಪಾಲಿಸಿಗಳಲ್ಲಿ ಅಷ್ಟೋ ಇಷ್ಟೋ. ಹಾಗಾಗಿ ಕೆರೆಯ ಸುತ್ತಲಿನ ಸಲಹೆಯೇ ಗಟ್ಟಿ. ಅತ್ತೆಗೆ ಗ್ರೀನ್ ಕಾರ್ಡ್ ಇದೆ. ಆದರೂ ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಇರುವ ಇಲ್ಲಿಯ ಸರ್ಕಾರಿ ಆರೋಗ್ಯ ವಿಮೆ, ಸಿಗಬೇಕಾದರೆ 65 ವರ್ಷ ದಾಟಿದ್ದರೆ ಸಾಲದು, ಐದು ವರ್ಷ ಸತತವಾಗಿ ಇಲ್ಲಿ ಇರಬೇಕು. ಆಗಲೂ ಇಲ್ಲಿ ದುಡಿದ ದಾಖಲೆ ಇಲ್ಲದವರು ಕಂತು ಕಟ್ಟಿ ಕೊಳ್ಳಬೇಕು. ಅಲ್ಲಿಯವರೆಗೆ ರಾಜ್ಯದ ವಿಮಾ ಮಾರುಕಟ್ಟೆಯಲ್ಲಿ ನಾವೇ ಕೊಂಡ ಪಾಲಿಸಿ.

ರಿಪೋರ್ಟು ನೋಡಿ ಖುಷಿಪಡದೆ ಇದ್ದದ್ದು ಡಾಕ್ಟರು ಒಬ್ಬರೇ. ಹಳೆಯ ಡಾಕ್ಟರು ಬೇರೆ ಕಡೆ ಹೋಗಿ, ಅವರ ಜಾಗಕ್ಕೆ ಹೊಸದಾಗಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದರು. ಬರುವಾಗ ಮನೆಯಲ್ಲಿ ಇರುವ ಮಾತ್ರೆ, ಟಾನಿಕ್ಕು, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಅಂತ ಕ್ಲಿನಿಕ್ಕಿನಿಂದ ಮೆಸೇಜು ಬಂತು. ಎಲ್ಲ ಅಂದರೆ ಎಲ್ಲ ಅಂತ ನಾನು ಅತ್ತೆಗೆ ಹೇಳಿದೆ.

ಕೋಣೆಯೊಳಗೆ ಹೋದ ತಕ್ಷಣ ಆ ಡಾಕ್ಟರು, ದುಭಾಷಿಯನ್ನು ಕರೆಸುತ್ತೇನೆ ಅಂದರು. ನನಗೆ ಸ್ವಲ್ಪ ಚುರುಕ್ ಅಂದಿತು. ನಾನು ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಇರುವವಳು, ಕೆಲಸವೇ ಇಂಗ್ಲಿಷಿನಲ್ಲಿ. ನಾನೇ ಹೇಳುತ್ತೇನಲ್ಲ ಅಂದೆ. ನೀವೂ ಇರಿ, ಆದರೆ ಇವತ್ತು ನೀವು ಸೊಸೆಯಾಗಿ ಮಾತ್ರ ಇರಿ ಅಂದರು. ಬೇಜಾರಾಗದ ಹಾಗೆ ಹೇಳುವುದನ್ನು ಅವರಿಗೆ ಯಾರೋ ಚೆನ್ನಾಗಿ ಕಲಿಸಿದ್ದಾರೆ.

ಮೊದಲು ಫೋನಿನಲ್ಲಿ ಸಿಕ್ಕಿದ್ದು ಹಿಂದಿ ದುಭಾಷಿ. ಇಂಡಿಯಾ ಅಂದ ಮೇಲೆ ಹಿಂದಿ ಇರಲಿ ಅಂತ ಕೌಂಟರಿನಲ್ಲಿ ಯಾರೋ ಒತ್ತಿದ್ದರು. ಆ ಕಡೆಯಿಂದ "ನಮಸ್ತೇ ಮಾತಾಜಿ" ಅಂತ ಬಂತು. ಅತ್ತೆ ನನ್ನ ಮುಖ ನೋಡಿದರು. ನಂಬರು ಬದಲಾಯಿಸಿ ಕಾದೆವು. ಗೋಡೆಯ ಮೇಲೆ, ನಿಮ್ಮ ಭಾಷೆಯಲ್ಲಿ ಉಚಿತ ನೆರವು ಇದೆ ಅಂತ ಹಲವು ಲಿಪಿಗಳಲ್ಲಿ ಬರೆದ ಹಾಳೆ ಅಂಟಿಸಿದ್ದರು. ಸ್ಪ್ಯಾನಿಷ್, ಚೀನಿ, ವಿಯೆಟ್ನಾಮಿ, ಟಗಾಲಾಗ್, ಪಂಜಾಬಿ, ಹಿಂದಿ. ಕನ್ನಡ ಇರಲಿಲ್ಲ. ರಾಜ್ಯದಲ್ಲಿ ಹೆಚ್ಚು ಜನ ಆಡುವ ಭಾಷೆಗಳನ್ನು ಲೆಕ್ಕ ಹಾಕಿ ಹಾಕುವ ಪಟ್ಟಿ ಅದು. ನಮ್ಮದು ಅದರಲ್ಲಿ ಬರುವಷ್ಟು ದೊಡ್ಡ ಗುಂಪಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಸೌಲಭ್ಯವೇ ಇಲ್ಲ ಅಂತ ತುಂಬ ಜನ ತಿಳಿದುಕೊಳ್ಳುತ್ತಾರೆ. ಹಾಗೇನಿಲ್ಲ.

ಇದರ ಹಿಂದೆ ಕಾನೂನು ಇದೆ. ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗಳು ಜನರನ್ನು ಅವರ ಮೂಲದೇಶ ನೋಡಿ ಭೇದ ಮಾಡಬಾರದು ಅಂತ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳುತ್ತದೆ. ಭಾಷೆ ಬರುವುದಿಲ್ಲ ಅಂತ ಸೇವೆ ತಪ್ಪಿಸುವುದೂ ಅದರಲ್ಲೇ ಬರುತ್ತದೆ. 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಇದನ್ನು ಆಸ್ಪತ್ರೆಗಳಿಗೆ ಬಿಡಿಸಿ ಹೇಳಿತು. 2016ರ ನಿಯಮಗಳು ಇನ್ನೂ ಬಿಗಿ ಮಾಡಿದವು: ದುಭಾಷಿಯನ್ನು ನೀವೇ ಕರೆದುಕೊಂಡು ಬನ್ನಿ ಅಂತ ರೋಗಿಗೆ ಹೇಳುವಂತಿಲ್ಲ, ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿ ಮಾಡುವಂತಿಲ್ಲ. ನಮ್ಮ ಆಫೀಸಿನಲ್ಲಿ ಮೆಕ್ಸಿಕೋ ಮೂಲದ ಒಬ್ಬಾಕೆ ಇದ್ದಾಳೆ. ಅಮ್ಮನ ಗರ್ಭಕೋಶದ ಆಪರೇಷನ್ ವಿಚಾರವನ್ನು ಡಾಕ್ಟರಿಂದ ಕೇಳಿ ಅಮ್ಮನಿಗೆ ಹೇಳಿದ್ದು ತಾನೇ, ಆಗ ತಾನಿನ್ನೂ ಪ್ರೈಮರಿ ಶಾಲೆ ಅಂತ ಒಮ್ಮೆ ಊಟ ಮಾಡುವಾಗ ಹೇಳಿದ್ದಳು. ನಿಯಮ ಯಾಕೆ ಬಂತು ಅಂತ ತಿಳಿಯೋಕೆ ಇಷ್ಟು ಸಾಕು. ಸರ್ಕಾರಿ ಇಲಾಖೆಗಳು ಭಾಷೆಯ ನೆರವು ಕೊಡಬೇಕು ಅಂತ 2000ದಲ್ಲಿ ಹೊರಟಿದ್ದ ಅಧ್ಯಕ್ಷರ ಆದೇಶವನ್ನು 2025ರ ಮಾರ್ಚಿನಲ್ಲಿ ರದ್ದು ಮಾಡಿ, ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಸಾರಿದರು. ಆದರೆ ಅಧ್ಯಕ್ಷರ ಸಹಿ ಬದಲಾದ ಮಾತ್ರಕ್ಕೆ ಆ ಎರಡು ಕಾಯ್ದೆಗಳು ಅಳಿಸಿಹೋಗುವುದಿಲ್ಲ.

ಅಂದಹಾಗೆ, ಫೋನಿನಲ್ಲಿ ದುಭಾಷಿ ಒದಗಿಸುವ ದೊಡ್ಡ ಸೇವೆಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲೇ, 1980ರ ದಶಕದ ಆರಂಭದಲ್ಲಿ. ವಿಯೆಟ್ನಾಂನಿಂದ ಬಂದ ನಿರಾಶ್ರಿತರ ಮಾತು ಪೊಲೀಸರಿಗೆ ಅರ್ಥವಾಗುತ್ತಿರಲಿಲ್ಲ, ಅದಕ್ಕೆ.

ಕೊನೆಗೆ ಕನ್ನಡ ಸಿಕ್ಕಿತು. ಅದೂ ಪಕ್ಕಾ ಧಾರವಾಡ ಕಡೆಯ ಕನ್ನಡ.

"ನಮಸ್ಕಾರ್ರೀ ಅಮ್ಮಾರ. ಇಲ್ಲಿ ಯಾರ ಏನ ಅಂದ್ರೂ ಅದನ್ನ ಹಂಗ ಎರಡೂ ಕಡೆ ಹೇಳ್ತೀನ್ರಿ. ಹೊರಗ ಎಲ್ಲೂ ಹೇಳಂಗಿಲ್ಲ."

ಅತ್ತೆಯ ಮುಖ ಅರಳಿತು. "ಯಾವೂರವ್ವ ನಿಂದು?" ಅಂದರು. ಆಕೆ ಊರು ಹೇಳಲಿಲ್ಲ. ಆ ಪ್ರಶ್ನೆಯನ್ನೂ ಇಂಗ್ಲಿಷಿಗೆ ತಿರುಗಿಸಿ ಡಾಕ್ಟರಿಗೆ ಹೇಳಿದಳು. ಅತ್ತೆ ನನ್ನ ಕಡೆ ಬಾಗಿ ಮೆಲ್ಲಗೆ, "ಈ ಡಾಕ್ಟ್ರು ಇಷ್ಟು ಚಿಕ್ಕೋಳು, ಮದುವೆ ಆಗಿದ್ದಾಳೇನೇ?" ಅಂದರು. ಮರುಕ್ಷಣ ಸ್ಪೀಕರಿನಿಂದ ಅದೂ ಇಂಗ್ಲಿಷಿನಲ್ಲಿ ಬಂತು. ನಾನು ನೆಲ ನೋಡಿದೆ. ಡಾಕ್ಟರು ನಕ್ಕು, ಇನ್ನೂ ಆಗಿಲ್ಲ, ನಮ್ಮಮ್ಮನೂ ಇದನ್ನೇ ಕೇಳುತ್ತಾರೆ ಅಂದರು. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಕುರ್ಚಿಯಲ್ಲಿ ಸರಿಯಾಗಿ ಕೂತರು. "ಈ ಹುಡುಗೀಗೆ ಎಷ್ಟು ಡಾಲರ್ ಕೊಡಬೇಕು?" ಅನ್ನುವುದೇ ಮುಂದಿನ ಪ್ರಶ್ನೆ. ಏನೂ ಕೊಡಬೇಕಿಲ್ಲ ಅಂತ ಉತ್ತರ ಬಂದ ಮೇಲೆ ಬಾಯಿ ಬಿಟ್ಟರು.

ಬೆಳಗಿನ ಹೊತ್ತು ಮೈ ಬೆವರುತ್ತದೆಯೇ, ಕೈ ನಡುಗುತ್ತದೆಯೇ ಅಂತ ಡಾಕ್ಟರು ಕೇಳಿದರು. ಈ ಪ್ರಶ್ನೆಯನ್ನು ನಾನೂ ಮನೆಯಲ್ಲಿ ಕೇಳಿದ್ದುಂಟು. ನನಗೆ ಸಿಗುತ್ತಿದ್ದ ಉತ್ತರ ಯಾವಾಗಲೂ ಒಂದೇ: "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ." ಈಗ ಅತ್ತೆ ಫೋನಿನ ಕಡೆ ತಿರುಗಿ ಶುರು ಮಾಡಿದರು.

"ಆಗುತ್ತೆ ಕಣವ್ವ. ಬೆಳಗಿನ ಜಾವ ಎದ್ರೆ ಮೈಯೆಲ್ಲ ತಣ್ಣಗೆ ಬೆವರು. ಎದೆ ಡವಡವ ಅನ್ನುತ್ತೆ. ಕಣ್ಣು ಮಂಜು. ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡು ಕೂತ್ರೆ ಸರಿಹೋಗುತ್ತೆ. ದಿಂಬಿನ ಕೆಳಗೇ ಇಟ್ಟುಕೊಂಡಿದೀನಿ."

ಎಷ್ಟು ದಿನದಿಂದ? ದೀಪಾವಳಿ ಆದಮೇಲೆ. ಮನೆಯಲ್ಲಿ ಹೇಳಿದಿರಾ? ಇಲ್ಲ. ಯಾಕೆ? "ಹೇಳಿದ್ರೆ ನನ್ನ ಒಬ್ಬಳನ್ನೇ ವಾಕಿಂಗ್ ಹೋಗೋಕೆ ಬಿಡ್ತಾರಾ? ಮಗ ಆಫೀಸು ಬಿಟ್ಟು ಮನೇಲಿ ಕೂರ್ತಾನೆ." ಆಮೇಲೆ ಏನೂ ವಿಶೇಷವಿಲ್ಲ ಅನ್ನುವ ಹಾಗೆ ಸೇರಿಸಿದರು: "ಬಚ್ಚಲಲ್ಲಿ ಒಂದ್ಸಲ ಬಿದ್ದೂ ಇದ್ದೆ. ಏಟೇನೂ ಆಗ್ಲಿಲ್ಲ."

ಬಿದ್ದ ವಿಷಯ ನನಗೆ ಗೊತ್ತಾಗಿದ್ದು ಆಗಲೇ. ಕೋಪ ಬಂತು, ಬಾಯಿವರೆಗೂ ಬಂತು. ಆದರೆ ಆಡಿದರೆ ಧಾರವಾಡದ ಹುಡುಗಿ ಅದನ್ನೂ ಇಂಗ್ಲಿಷಿಗೆ ಹಾಕುತ್ತಾಳೆ. ಸುಮ್ನೆ ಕೂತೆ.

ಆಮೇಲೆ ಚೀಲ ಬಿಚ್ಚಿದರು. ಕಿತ್ತಳೆ ಡಬ್ಬಿಗಳು ಬಂದವು. ಅವುಗಳ ಹಿಂದೆ, ರಬ್ಬರ್ ಬ್ಯಾಂಡ್ ಹಾಕಿದ ಸ್ಟ್ರಿಪ್ಪುಗಳ ಕಟ್ಟು. ಡಾಕ್ಟರು ಸ್ಟ್ರಿಪ್ಪಿನ ಮೇಲಿನ ಹೆಸರು ಓದಿದರು, ಕೇಳಿದ ಹೆಸರಲ್ಲ ಅಂದರು. ಅದು ನಮ್ಮ ಕಡೆಯ ಕಂಪನಿ ಇಟ್ಟ ಹೆಸರು, ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹಿಂದೆ ತಿರುಗಿಸಿ, ಬೆಳ್ಳಿ ಕಾಗದದ ಮೇಲಿನ ಇರುವೆ ಅಕ್ಷರವನ್ನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್. ಎರಡನ್ನೂ ಸೇರಿಸಿ ಮಾಡಿದ ಒಂದೇ ಮಾತ್ರೆ. ನಮ್ಮಲ್ಲಿ ಇಂಥ ಜೋಡಿ ಮಾತ್ರೆ ತೀರಾ ಸಾಮಾನ್ಯ. ಇಲ್ಲಿ ಡಾಕ್ಟರು ಅವೇ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಬರೆದುಕೊಟ್ಟಿದ್ದರು. ಅಂದರೆ ಅತ್ತೆ ಎರಡು ಔಷಧಿಗಳನ್ನೂ ದಿನವೂ ದುಪ್ಪಟ್ಟು ನುಂಗುತ್ತಿದ್ದರು.

ಯಾಕೆ ಎರಡೂ ತಗೊಂಡಿರಿ ಅಂತ ಡಾಕ್ಟರು ಕೇಳಿದ್ದು ಬೈಯುವ ದನಿಯಲ್ಲಿ ಅಲ್ಲ.

"ನೆಂಟರ ಹುಡುಗ ಅಷ್ಟು ದೂರದಿಂದ ಹೊತ್ತು ತಂದಿದ್ದಾನೆ. ದುಡ್ಡು ಕೊಟ್ಟಿದ್ದು. ಡೇಟು ಹತ್ತಿರ ಬರ್ತಾ ಇತ್ತು. ಹಾಳಾಗಬಾರದು ಅಂತ ತಗೊಂಡೆ. ಡಬ್ಬೀದು ಈ ದೇಶದ್ದು, ಅದೂ ತಗೊಂಡೆ. ಅದು ಬಿಡು ಅಂತ ಯಾರೂ ಹೇಳ್ಲಿಲ್ಲವಲ್ಲ."

ಡೇಟು ಮಾತ್ರ ಅವರು ಸರಿಯಾಗಿ ಓದಿದ್ದರು. ಅಂಕಿ ಯಾವ ಭಾಷೆಯಲ್ಲಿದ್ದರೂ ಅಂಕಿಯೇ. ಆದರೆ ಆ ಸ್ಟ್ರಿಪ್ಪಿನಲ್ಲೂ ಈ ಡಬ್ಬಿಗಳಲ್ಲೂ ಇರುವುದು ಒಂದೇ ಔಷಧಿ ಅಂತ ಅವುಗಳ ಮೇಲೆ ಬರೆದಿದ್ದ ಯಾವುದೂ ಅವರಿಗೆ ಹೇಳುವಂತಿರಲಿಲ್ಲ. ಇಂಗ್ಲಿಷ್ ಓದುವವರಿಗೂ ಹಿಂದೆ ತಿರುಗಿಸಿ ನೋಡಬೇಕು ಅನ್ನುವುದು ಗೊತ್ತಿರಬೇಕು. ಅರಸೀಕೆರೆಯ ಆ ಅಂಗಡಿ ಹುಡುಗ ಒಂದು ಮಾತಿನಲ್ಲಿ ತಡೆಯುತ್ತಿದ್ದ.

ಡಾಕ್ಟರು ವಿವರಿಸಿದರು. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಅದು ಊಟ ಮಾಡಿದ್ದೀರೋ ಇಲ್ಲವೋ ನೋಡದೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ಡೋಸ್ ಜಾಸ್ತಿಯಾದರೆ, ಇಲ್ಲವೇ ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಊಟ ಬಿಡುತ್ತೀರಾ? "ಸೋಮವಾರ ಒಪ್ಪೊತ್ತು, ಏನೋ ದೇವರು ನಡೆಸಿಕೊಡ್ತಾನೆ." ಹಿಂದಿನ ಡಾಕ್ಟರು ಇದನ್ನು ಕೇಳಿರಲೇ ಇಲ್ಲ. ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಅದೇ ಲೋ ಶುಗರ್. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳೋಕೆ ಅದೊಂದೇ ಸಾಕು ಅಂದರು. ಎ1ಸಿ ಈ ವಯಸ್ಸಿಗೆ ಏಳರ ಆಸುಪಾಸು ಇದ್ದರೆ ಸಾಕು, ಆರಕ್ಕೆ ಇಳಿಸುವ ಆಸೆ ಬೇಡ. ನಮ್ಮ ಮನೆಯವರು ಊರಿಗೆ ಫೋನ್ ಮಾಡಿ ಹೇಳಿದ ಒಳ್ಳೆ ಸುದ್ದಿಯೇ ಅಪಾಯದ ಗಂಟೆ ಆಗಿತ್ತು ನೋಡಿ.

ಗ್ಲಿಮೆಪಿರೈಡನ್ನು ಪೂರ್ತಿ ನಿಲ್ಲಿಸಿದರು. ಸ್ಟ್ರಿಪ್ಪುಗಳನ್ನು ಅಲ್ಲೇ ಬಿಟ್ಟು ಹೋಗಬಹುದಾ ಅಂತ ಕೇಳಿದರು. ಅತ್ತೆ ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ದುಡ್ಡಿನ ಮಾತು ಮತ್ತೆ ಬಂತು.

ಚೀಲದಲ್ಲಿ ಡೋಲೋ 650 ಕೂಡ ಇತ್ತು. ಬೆಂಗಳೂರಿನ ಕಂಪನಿಯದು, ಕೋವಿಡ್ ಕಾಲದಲ್ಲಿ ಮನೆಮಾತಾಗಿತ್ತಲ್ಲ, ಅದೇ. ಪಕ್ಕದಲ್ಲಿ ನಾವು ಇಲ್ಲಿ ಕೊಂಡ ಟೈಲೆನಾಲ್, ನೆಗಡಿಯ ನೈಕ್ವಿಲ್. ಡೋಲೋದಲ್ಲಿ ಇರುವುದು ಪ್ಯಾರಾಸಿಟಮಾಲ್. ಟೈಲೆನಾಲ್‌ನಲ್ಲೂ ಅದೇ, ಇಲ್ಲಿ ಅದಕ್ಕೆ ಅಸೆಟಮಿನೋಫೆನ್ ಅನ್ನುತ್ತಾರೆ. ನೈಕ್ವಿಲ್‌ನಲ್ಲೂ ಇದೆ. ಮೂರನ್ನೂ ಒಂದೇ ದಿನ ತಗೊಂಡು ಡೋಸ್ ಮಿತಿ ಮೀರಿದರೆ ಯಕೃತ್ತಿಗೆ ಪೆಟ್ಟು. ಈ ಭಾಗ ಅತ್ತೆಗಿಂತ ಜಾಸ್ತಿ ನನಗೆ, ನನ್ನ ಗಂಡನಿಗೆ, ನಮ್ಮ ಪರಿಚಯದ ಅರ್ಧ ಕನ್ನಡಿಗರಿಗೆ ಬೇಕಾದದ್ದು. ಇಲ್ಲಿ ಯಾರ ಮನೆಯಲ್ಲಿ ಡೋಲೋ ಇಲ್ಲ ಹೇಳಿ?

ಮುಂದಿನದು ಊಟ. ನರ್ಸ್ ಒಂದು ತಟ್ಟೆಯ ಚಿತ್ರ ತಂದಳು. ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು ಅಥವಾ ಮಾಂಸ, ಕಾಲು ಭಾಗ ಅನ್ನ ರೊಟ್ಟಿ. ಚಿತ್ರದಲ್ಲಿ ಬ್ರಾಕೊಲಿ, ಕೋಳಿ, ಕಂದು ಅಕ್ಕಿ. ಅತ್ತೆ ನೋಡಿ, "ಮುದ್ದೆ ಎಲ್ಲಿ ಇಡೋದು?" ಅಂದರು. ದುಭಾಷಿ, ದುಭಾಷಿಯಾಗಿ ಒಂದು ವಿವರಣೆ ಕೊಡಬಹುದೇ ಅಂತ ಡಾಕ್ಟರ ಅಪ್ಪಣೆ ಕೇಳಿ ರಾಗಿ ಮುದ್ದೆ ಅಂದರೇನು ಅಂತ ಹೇಳಿದಳು. ಎಷ್ಟು ಕಪ್ ತಿನ್ನುತ್ತಾರೆ ಅಂತ ನರ್ಸ್ ಕೇಳಿದಳು. "ಕಪ್ಪಲ್ಲಿ ಅಳೆಯೋಕೆ ಅದೇನು ಪಾಯಸನಾ?" ಅಂತ ಅತ್ತೆ ಎರಡೂ ಅಂಗೈ ಸೇರಿಸಿ ಗಾತ್ರ ತೋರಿಸಿದರು. ನರ್ಸ್ ಗಾಬರಿಯಾದಳು. ಚೌಕಾಸಿ ನಡೆಯಿತು. ಮುಷ್ಟಿ ಗಾತ್ರಕ್ಕೆ ಇಳಿಯಿತು, ಪಕ್ಕದಲ್ಲಿ ಬಸ್ಸಾರಿನ ಸೊಪ್ಪು ಕಾಳು ಎಷ್ಟು ಬೇಕಾದರೂ. ರಾಗಿ ಅಂದ ಮಾತ್ರಕ್ಕೆ ಸಕ್ಕರೆ ಏರುವುದಿಲ್ಲ ಅಂತ ನಮ್ಮ ಕಡೆ ಇರುವ ನಂಬಿಕೆಗೆ ಅಂದು ಒಂದು ಏಟು ಬಿತ್ತು. ಅದು ಬೀಳಲೇಬೇಕಿತ್ತು.

ಕೊನೆಯಲ್ಲಿ ಡಾಕ್ಟರು ಅರ್ಥವಾಯಿತಾ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ನಮ್ಮ ಕಡೆಯವರು ಹೂಂ ಅಂದೇ ಅನ್ನುತ್ತಾರೆ. ಅವರು ಕೇಳಿದ್ದು ಹೀಗೆ: "ನಾನು ಸರಿಯಾಗಿ ಹೇಳಿದೆನಾ ಅಂತ ನೋಡಿಕೊಳ್ಳಬೇಕು. ಮನೆಗೆ ಹೋಗಿ ಮಗನಿಗೆ ಏನು ಹೇಳುತ್ತೀರಿ?" ಅತ್ತೆ ತೋಟದ ಆಳುಗಳಿಗೆ ಕೆಲಸ ಹಂಚುವ ದನಿಯಲ್ಲಿ ಒಪ್ಪಿಸಿದರು. ಊರಿನ ಸ್ಟ್ರಿಪ್ ಬಂದ್. ಸಣ್ಣ ಡಬ್ಬಿ ಬಂದ್. ದೊಡ್ಡ ಡಬ್ಬಿಯದು 1-0-1, ಊಟದ ಜೊತೆ. ಬೆವರು ನಡುಕ ಬಂದರೆ ಮೊದಲು ಬೆರಳು ಚುಚ್ಚಿ ನೋಡೋದು, 70ಕ್ಕಿಂತ ಕಮ್ಮಿ ಇದ್ರೆ ಅರ್ಧ ಲೋಟ ಹಣ್ಣಿನ ರಸ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡೋದು, ಮಗನಿಗೆ ಹೇಳೋದು. ಕೊನೆಯದನ್ನು ಸ್ವಲ್ಪ ಮೆತ್ತಗೆ ಹೇಳಿದರು.

ಈ ತೊಂದರೆ ಇಂಗ್ಲಿಷ್ ಬಾರದವರಿಗೆ ಮಾತ್ರ ಅಂದುಕೊಂಡರೆ ತಪ್ಪು. 2003ರಲ್ಲಿ ಅಮೆರಿಕದ ವಯಸ್ಕರನ್ನು ಪರೀಕ್ಷಿಸಿದ ಸಮೀಕ್ಷೆಯಲ್ಲಿ, ಆರೋಗ್ಯದ ಕಾಗದಪತ್ರಗಳನ್ನು ಚೆನ್ನಾಗಿ ಬಳಸಬಲ್ಲವರು ನೂರಕ್ಕೆ 12 ಮಂದಿ ಮಾತ್ರ ಅಂತ ತಿಳಿಯಿತು. 2006ರ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ ಎರಡು ಸಲ, ಎರಡೆರಡು ಮಾತ್ರೆ ಅನ್ನುವ ಲೇಬಲ್ ಕೊಟ್ಟರು. ಓದು ಕಮ್ಮಿ ಇದ್ದವರಲ್ಲಿ ನೂರಕ್ಕೆ ಸುಮಾರು 71 ಮಂದಿ ಅದನ್ನು ಸರಿಯಾಗಿ ಓದಿದರು. ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಅಂದಾಗ ಸರಿಯಾಗಿ ತೋರಿಸಿದವರು ಸುಮಾರು 35 ಮಂದಿ. ಅವರೆಲ್ಲ ಇಂಗ್ಲಿಷ್ ಆಡುವವರೇ. ನಮ್ಮ 1-0-1 ಬರೆದುಕೊಟ್ಟಿದ್ದರೆ ಏನಾಗುತ್ತಿತ್ತೋ ಅಂತ ನನಗೊಂದು ಕುತೂಹಲ. ಇನ್ನು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಒಡಿಶಾದಿಂದಲೋ ಬಂಗಾಳದಿಂದಲೋ ಬಂದ ಕಟ್ಟಡ ಕೆಲಸದವರು ಕೈಯಲ್ಲಿ ಚೀಟಿ ಹಿಡಿದು ಯಾರ ಮುಖ ನೋಡುತ್ತಾರೆ ಅನ್ನುವುದನ್ನೂ ಯೋಚಿಸಬೇಕು. ಅಲ್ಲಿ ಒತ್ತಲು ಫೋನಿನ ಗುಂಡಿಯೂ ಇಲ್ಲ.

ಹೊರಡುವ ಮುಂಚೆ ಡಾಕ್ಟರು ನನಗೆ ಸ್ವಲ್ಪ ಹೊತ್ತು ಆಚೆ ಕೂರಲು ಹೇಳಿದರು. ಎಲ್ಲ ರೋಗಿಗಳ ಹತ್ತಿರವೂ ಒಂದೆರಡು ನಿಮಿಷ ಒಬ್ಬರೇ ಮಾತಾಡುತ್ತಾರಂತೆ. ಅದು ಒಂದೆರಡು ನಿಮಿಷ ಆಗಲಿಲ್ಲ. ಬಾಗಿಲಿನ ಆಚೆಯಿಂದ ಅತ್ತೆಯ ದನಿ ಏರುವುದು, ಇಳಿಯುವುದು, ನಡುವೆ ಧಾರವಾಡದ ನಗು ಕೇಳುತ್ತಿತ್ತು. ಅವರು ಹೊರಗೆ ಬಂದಾಗ ಕೈಯಲ್ಲಿ ಇನ್ನೊಂದು ಪರೀಕ್ಷೆಯ ಚೀಟಿ ಇತ್ತು. ಹೆಂಗಸರಿಗೆ ವಯಸ್ಸಾದ ಮೇಲೆ ಬರುವ, ಸೊಸೆಯ ಮುಂದೆ ಬಾಯಿಬಿಡದ ತೊಂದರೆ ಅಂತ ಚೀಟಿ ನೋಡಿದರೆ ಗೊತ್ತಾಗುತ್ತಿತ್ತು. ಅದನ್ನು ಎಷ್ಟು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದರೋ. ನಾನು ಎಷ್ಟೇ ಚೆನ್ನಾಗಿ ಇಂಗ್ಲಿಷ್ ಮಾತಾಡಿದರೂ ಆ ಚೀಟಿ ಹುಟ್ಟುತ್ತಿರಲಿಲ್ಲ, ಅಲ್ವಾ?

ಫಾರ್ಮಸಿಯಲ್ಲಿ ಕನ್ನಡದ ಲೇಬಲ್ ಕೇಳಿದೆ. ಸುಮ್ನೆ ಕೇಳಿ ನೋಡೋಣ ಅಂತ. ಕ್ಯಾಲಿಫೋರ್ನಿಯಾದ ಫಾರ್ಮಸಿ ಬೋರ್ಡು ಮಾತ್ರೆ ತೆಗೆದುಕೊಳ್ಳುವ ಸೂಚನೆಗಳನ್ನು ಐದು ಭಾಷೆಗಳಿಗೆ ಅನುವಾದಿಸಿ ಇಟ್ಟಿದೆ: ಚೀನಿ, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮಿ. ನಮ್ಮದು ಅಲ್ಲೂ ಇಲ್ಲ. ಫಾರ್ಮಸಿಸ್ಟ್ ಒಳ್ಳೆಯವಳು. ಮುಚ್ಚಳ ಬದಲಾಯಿಸಿ ಕೊಟ್ಟಳು, ಬೇಕಾದರೆ ನೀವೇ ಏನಾದರೂ ಅಂಟಿಸಿಕೊಳ್ಳಿ, ನನ್ನ ಲೇಬಲ್ ಮುಚ್ಚದಿದ್ದರೆ ಆಯಿತು ಅಂದಳು. ಅತ್ತೆ ಮನೆಗೆ ಬಂದು ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ 1-0-1 ಬರೆದುಕೊಂಡರು. ಭಾವನಿಗೆ ಫೋನ್ ಮಾಡಿ, ಇನ್ನು ಮಾತ್ರೆ ಕಳಿಸಬೇಡ, ಕೊಬ್ಬರಿ ಕಳಿಸು ಅಂದರು.

ಕೆರೆಯ ಗುಂಪಿನಲ್ಲಿ ಈಗ ಅವರದೇ ಪಾಠ. "ಕನ್ನಡ ಬೇಕು ಅಂತ ಮೊದಲೇ ಕೇಳ್ರಿ. ಹಿಂದಿಯವರನ್ನ ಕೊಟ್ರೆ ಬೇಡ ಅನ್ರಿ. ದುಡ್ಡಿಲ್ಲ." ಕಲಬುರಗಿಯ ಅಜ್ಜಿ ಮನೆಯಿಂದ ಸ್ಟ್ರಿಪ್ಪು, ಡಬ್ಬಿ ಎಲ್ಲ ತಂದು ಬೆಂಚಿನ ಮೇಲೆ ಹರಡಿದ್ದರಂತೆ. ಅತ್ತೆ ಅವುಗಳ ಹಿಂಭಾಗವನ್ನು ಮೊಮ್ಮಗನ ಕೈಲಿ ಓದಿಸಿದ್ದಾರೆ. ಇದು ಅಷ್ಟು ಸರಿಯಲ್ಲ, ಫಾರ್ಮಸಿಸ್ಟನ್ನೇ ಕೇಳಬೇಕು ಅಂತ ನಾನು ಹೇಳಿದೆ. ಅದಕ್ಕೆ ಅತ್ತೆ, ಕೇಳೋಕೆ ಅವಳಿಗೆ ಇನ್ಶೂರೆನ್ಸೇ ಇಲ್ಲ ಅಂದರು. ಫಾರ್ಮಸಿಸ್ಟ್ ಹತ್ತಿರ ಮಾತಾಡೋಕೆ ಇನ್ಶೂರೆನ್ಸ್ ಬೇಡ ಅಂತ ಮಾರನೇ ದಿನ ಅಲ್ಲಿ ಹೇಳಿ ಬಂದಿದ್ದಾರೆ.

ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಒಳಗಿನ ಪರದೆ ತೋರಿಸಬೇಕು. ಮೊನ್ನೆ ಅದಕ್ಕೆ ಹೋಗಿದ್ದೆವು. ಕೌಂಟರಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಕನ್ನಡ. ಇಂಟರ್‌ಪ್ರಿಟರ್" ಅಂದರು. ಒಳಗೆ ಕರೆದಾಗ ನನ್ನ ಕಡೆ ತಿರುಗಿ, "ನೀನು ಇಲ್ಲೇ ಕೂತಿರು, ನಾನು ಮಾತಾಡ್ಕೊಂಡು ಬರ್ತೀನಿ" ಅಂದರು. ಬಹಳ ಹೊತ್ತಾದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು.

ಕಾರಿನಲ್ಲಿ ಕೇಳಿದೆ, "ಏನಂದ್ರು ಅತ್ತೆ?"

"ಚೆನ್ನಾಗಿದೆಯಂತೆ. ಮುಂದಿನ ವರ್ಷ ಬರಬೇಕಂತೆ."

"ಮತ್ತೇನು ಮಾತಾಡಿದ್ರಿ ಅಷ್ಟು ಹೊತ್ತು?"

"ಅದು ನಂಗೂ ಆ ಹುಡುಗಿಗೂ ಬಿಡು."

ಕೊಟ್ಟಿದ್ದ ಇಂಗ್ಲಿಷ್ ಹಾಳೆಗಳನ್ನು ಮಡಚಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಸಂಜೆ ಅಡುಗೆ ಮನೆಗೆ ಬಂದು, ಅದರಲ್ಲಿ ಒಂದನ್ನು ಮಾತ್ರ ಆರಿಸಿ ಓದಿ ಹೇಳು ಅಂತ ನನ್ನ ಕೈಗಿಟ್ಟರು.